ಶಿರಸ್ತ್ರಾಣದೊಳಗಿನ ಮುಖ

ಅಂಗೈಯ ಮೇಲೆ ಸಲೀಸಾಗಿ ನಿಲ್ಲುವ ಒಂದು ಲೋಹದ ಬೊಂಬೆ. ಎತ್ತರ 54 ಮಿಲಿಮೀಟರ್, ಎಂದರೆ ಎರಡು ಅಂಗುಲಕ್ಕಿಂತ ತುಸು ಹೆಚ್ಚು. ಮೈತುಂಬ ಸರಪಳಿಯ ಕವಚ, ಅದರ ಮೇಲೆ ಬಿಳಿಯ ಮೇಲಂಗಿ, ಎಡಗೈಯಲ್ಲಿ ಗುರಾಣಿ, ಬಲಗೈಯಲ್ಲಿ ಖಡ್ಗ. ಯುರೋಪಿನ ಮಧ್ಯಯುಗದ ಅಶ್ವಯೋಧನ, ಅಂದರೆ ‘ನೈಟ್’ ಎಂದು ನಾವು ಕೇಳಿ ಬಲ್ಲ ವೀರನ ಪ್ರತಿರೂಪ ಅದು. ಅದರ ಮುಂದೆ ಭೂತಗನ್ನಡಿಯ ದೀಪ ಹಚ್ಚಿಕೊಂಡು, ಉಸಿರು ಬಿಗಿಹಿಡಿದು ಕುಳಿತಿದ್ದವರು ಎಪ್ಪತ್ತು ವರ್ಷದ ಒಬ್ಬ ನಿವೃತ್ತ ರೈಲ್ವೆ ನೌಕರರು. ಅವರ ಕುಂಚದ ತುದಿಯಲ್ಲಿದ್ದುದು ಸಾಸಿವೆ ಕಾಳಿಗಿಂತಲೂ ಕಡಿಮೆ ಬಣ್ಣ. ಅದರಿಂದ ಅವರು ಆ ಬೊಂಬೆಯ ಕಣ್ಣುಗಳನ್ನು ಬರೆಯುತ್ತಿದ್ದರು.

ಇದು ನಡೆದದ್ದು 2008ರ ಆಗಸ್ಟ್ ತಿಂಗಳಲ್ಲಿ. ರೋಮಿನಲ್ಲಿ ವ್ಯಾಸಂಗ ಮಾಡುತ್ತಿದ್ದ ನಾನು, ರಜೆಗೆ ತೆರಳಿದ್ದ ಧರ್ಮಕೇಂದ್ರದ ಗುರುಗಳ ಬದಲಿಗೆ ಬಲಿಪೂಜೆ ಅರ್ಪಿಸಲು ಜರ್ಮನಿಯ ಬಾಂಬರ್ಗ್ ಮಹಾಧರ್ಮಪ್ರಾಂತ್ಯದ ಒಂದು ಹಳ್ಳಿಗೆ ಹೋಗಿದ್ದೆ. ದೇವಾಲಯದ ಕೀಲಿಕೈ ಇಟ್ಟುಕೊಂಡು, ಪೀಠದ ಮೇಣದ ಬತ್ತಿ ಹಚ್ಚುತ್ತಿದ್ದ ಈ ಹಿರಿಯರು ಒಂದು ಭಾನುವಾರ ನನ್ನನ್ನು ಊಟಕ್ಕೆ ಕರೆದರು. ಊಟವಾದ ಮೇಲೆ ತಮ್ಮ ಮೇಜನ್ನು ತೋರಿಸಿದರು.

ನನ್ನನ್ನು ಅಚ್ಚರಿಗೊಳಿಸಿದ್ದು ಅವರ ಕೈಚಳಕವಲ್ಲ. ಅವರು ಬರೆಯುತ್ತಿದ್ದ ಕಣ್ಣುಗಳು ಯಾರಿಗೂ ಕಾಣಿಸುವಂತಿರಲಿಲ್ಲ. ಬಣ್ಣ ಒಣಗಿದ ಬಳಿಕ ಆ ತಲೆಯ ಮೇಲೆ ಮುಖವನ್ನು ಪೂರ್ತಿಯಾಗಿ ಮುಚ್ಚುವ ಉಕ್ಕಿನ ಶಿರಸ್ತ್ರಾಣವನ್ನು ಅಂಟಿಸಬೇಕಾಗಿತ್ತು. ‘ಯಾರೂ ನೋಡದ ಕಣ್ಣಿಗೆ ಇಷ್ಟು ಶ್ರಮವೇಕೆ?’ ಎಂದು ನಾನು ಕೇಳಿದೆ. ‘ಒಳಗೆ ಒಬ್ಬ ಮನುಷ್ಯನಿದ್ದನಲ್ಲ, ಫಾದರ್’ ಎಂದಷ್ಟೇ ಹೇಳಿ ಅವರು ಮತ್ತೆ ಕೆಲಸಕ್ಕೆ ಬಾಗಿದರು.

ಈ ಉತ್ತರ ಇಷ್ಟು ವರ್ಷಗಳಾದರೂ ನನ್ನನ್ನು ಬಿಟ್ಟಿಲ್ಲ. ಕೊಲ್ಲುವುದನ್ನೇ ವೃತ್ತಿಯಾಗಿಸಿಕೊಂಡಿದ್ದವನ ಪ್ರತಿರೂಪವನ್ನು ಇಷ್ಟು ಪ್ರೀತಿಯಿಂದ ಅಲಂಕರಿಸುವುದು ಸರಿಯೇ? ಹಿಂಸೆಗೆ ಸೌಂದರ್ಯದ ಲೇಪ ಬಳಿಯುವುದು ಒಂದು ಬಗೆಯ ಸುಳ್ಳಲ್ಲವೇ? ಅಥವಾ ಆ ಪುಟ್ಟ ಕೆಲಸದೊಳಗೆ ನಾವು ಕಲಿಯಬೇಕಾದ ಸತ್ಯವೊಂದು ಅಡಗಿದೆಯೇ? ಈ ಪ್ರಶ್ನೆಗಳನ್ನು ಓದುಗರೊಡನೆ ಹಂಚಿಕೊಳ್ಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ತವರದ ಯೋಧರು

ಬಣ್ಣದ ಯೋಧರ ಬೊಂಬೆಗಳಿಗೆ ಜರ್ಮನಿಯಲ್ಲಿ ದೀರ್ಘ ಇತಿಹಾಸವಿದೆ. 18ನೆಯ ಶತಮಾನದಲ್ಲಿ ನ್ಯೂರೆಂಬರ್ಗ್ ನಗರದ ಹಿಲ್ಪರ್ಟ್ ಎಂಬ ಕುಶಲಕರ್ಮಿ ಮನೆತನ ತವರದಲ್ಲಿ ಚಪ್ಪಟೆಯಾದ ಸೈನಿಕರನ್ನು ಎರಕಹೊಯ್ದು ಮಾರುತ್ತಿತ್ತು. 1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಅವರ ಸಂಸ್ಥೆ ಒಳಗೆ ಟೊಳ್ಳಾಗಿರುವ ಸೀಸದ ಬೊಂಬೆಗಳನ್ನು ತಯಾರಿಸಲು ತೊಡಗಿತು. ಲೋಹ ಕಡಿಮೆ, ಬೆಲೆ ಕಡಿಮೆ. ಹೀಗಾಗಿ ಸಾಮಾನ್ಯರ ಮಕ್ಕಳ ಕೈಗೂ ಸೈನಿಕರು ಬಂದರು. ಬಾಂಬರ್ಗಿಗೆ ಹೆಚ್ಚು ದೂರವಲ್ಲದ ಕುಲ್ಮ್‌ಬಾಖ್ ಪಟ್ಟಣದ ಪ್ಲಾಸೆನ್‌ಬುರ್ಗ್ ಕೋಟೆಯಲ್ಲಿ ತವರದ ಬೊಂಬೆಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿ ಸುಮಾರು 3 ಲಕ್ಷ ಬೊಂಬೆಗಳಿವೆ. ನಮ್ಮ ಹಿರಿಯರು ಆ ಕೋಟೆಗೆ ಹೋಗಿಬರುವುದನ್ನು ತೀರ್ಥಯಾತ್ರೆಯಂತೆ ನೆನೆಯುತ್ತಿದ್ದರು.

ಕಾಲಾಂತರದಲ್ಲಿ ಸೀಸ ವಿಷಕಾರಿ ಎಂಬ ಅರಿವು ಬಲವಾದಂತೆ ಅದರ ಸ್ಥಾನಕ್ಕೆ ಸೀಸವಿಲ್ಲದ ಮಿಶ್ರಲೋಹ, ಪ್ಲಾಸ್ಟಿಕ್ ಮತ್ತು ರೆಸಿನ್ ಬಂದವು. ಮಕ್ಕಳ ಆಟಿಕೆಯಾಗಿದ್ದದ್ದು ದೊಡ್ಡವರ ಹವ್ಯಾಸವಾಯಿತು. ಬಣ್ಣವಿಲ್ಲದ ಬೊಂಬೆಯನ್ನು ಬಿಡಿಭಾಗಗಳಾಗಿ ಕೊಂಡುತಂದು ತಾವೇ ಬಣ್ಣ ಬಳಿಯುವುದು ಇದರ ಕ್ರಮ.

ಮೊದಲು ಎರಕದ ಗೆರೆಗಳನ್ನು ಸಣ್ಣ ಅರದಿಂದ ಉಜ್ಜಿ ತೆಗೆಯಬೇಕು. ಸಾಬೂನಿನ ನೀರಿನಲ್ಲಿ ತೊಳೆದು, ಒಣಗಿಸಿ, ಬಣ್ಣ ಹಿಡಿಯುವಂತೆ ಪ್ರೈಮರ್ ಬಳಿಯಬೇಕು. ಆಮೇಲೆ ತೆಳುವಾದ ಬಣ್ಣದ ಪದರಗಳು, ಒಂದು ಒಣಗಿದ ಮೇಲೆ ಇನ್ನೊಂದು. ಬಟ್ಟೆಯ ಮಡಿಕೆಯೊಳಗೆ ಗಾಢ ಬಣ್ಣ, ಉಬ್ಬಿನ ಮೇಲೆ ತಿಳಿ ಬಣ್ಣ. ಇಷ್ಟು ಚಿಕ್ಕ ಬೊಂಬೆಯ ಮೇಲೆ ಕೋಣೆಯ ಬೆಳಕು ತಾನಾಗಿ ನೆರಳನ್ನು ಮೂಡಿಸದು. ಆದ್ದರಿಂದ ಬೆಳಕು ನೆರಳುಗಳನ್ನೂ ಬಣ್ಣದಿಂದಲೇ ಬರೆಯಬೇಕು. ಸರಪಳಿ ಕವಚದ ಮೇಲೆ ನೀರಾಗಿಸಿದ ಕಪ್ಪನ್ನು ಹರಿಸಿದರೆ ಅದು ಬಳೆಬಳೆಗಳ ಸಂದಿಗೆ ಇಳಿಯುತ್ತದೆ. ಅದು ಒಣಗಿದ ಮೇಲೆ ಬೆಳ್ಳಿಯ ಬಣ್ಣವನ್ನು ಬಹುಪಾಲು ಒರೆಸಿದ ಕುಂಚದಿಂದ ಮೇಲ್ಮೇಲೆ ಸವರಿದರೆ ಒಂದೊಂದು ಬಳೆಯೂ ಎದ್ದು ಕಾಣುತ್ತದೆ. ಅವಸರಪಟ್ಟವನಿಗೆ ಇಲ್ಲಿ ಕ್ಷಮೆಯಿಲ್ಲ. ಒಂದು ಪದರ ಒಣಗುವ ಮುನ್ನ ಇನ್ನೊಂದನ್ನು ಬಳಿದರೆ ಎರಡೂ ಕೆಡುತ್ತವೆ.

ಒಂದು ಬೊಂಬೆಗೆ ಅವರಿಗೆ ವಾರಗಳೇ ಹಿಡಿಯುತ್ತಿದ್ದವು. ‘ಇದು ಕಾಲಹರಣವಲ್ಲವೇ?’ ಎಂಬ ಮೊದಲ ಆಕ್ಷೇಪ ಯಾರ ಮನಸ್ಸಿಗಾದರೂ ಬರುವುದು ಸಹಜ. ನನಗೂ ಬಂದಿತ್ತು. ಆದರೆ ಒಂದು ವಸ್ತುವಿನ ಮುಂದೆ ನಾನೆಂಬುದನ್ನು ಬದಿಗಿಟ್ಟು, ಅದು ಇರುವಂತೆಯೇ ಅದನ್ನು ನೋಡಲು ಕಲಿಯುವುದು ಕಡಿಮೆ ಸಾಧನೆಯಲ್ಲ. ನಮ್ಮ ದೇವಾಲಯಗಳಲ್ಲಿ ಕ್ರಿಸ್ತಜಯಂತಿಗೆ ಮುನ್ನ ಗೋದಲಿಯ ಪ್ರತಿಮೆಗಳ ಧೂಳೊರೆಸಿ, ಮಾಸಿದ ಮುಖಗಳಿಗೆ ಮತ್ತೆ ಬಣ್ಣ ಹಚ್ಚುವ ಯುವಕರನ್ನು ನೀವು ನೋಡಿರುತ್ತೀರಿ. ಕೊನೆಯ ಸಾಲಿನಲ್ಲಿ ನಿಲ್ಲುವ ಕುರಿಗಾಹಿಯ ಕಣ್ಣು ಸರಿಯಾಗಿ ಬರಲೆಂದು ಅವರು ಪಡುವ ಪಾಡು ಯಾರ ಲೆಕ್ಕಕ್ಕೂ ಸಿಗದು. ಆದರೂ ಆ ಶ್ರಮ ವ್ಯರ್ಥವೆಂದು ನಾವಾರೂ ಹೇಳುವುದಿಲ್ಲ. ಶ್ರದ್ಧೆಯಿಂದ ನೋಡುವುದು ಪ್ರೀತಿಯ ಮೊದಲ ಮೆಟ್ಟಿಲು.

ಆದ್ದರಿಂದ ಕಾಲದ ಆಕ್ಷೇಪ ಅಷ್ಟು ಗಟ್ಟಿಯಾದುದಲ್ಲ. ಗಟ್ಟಿಯಾದುದು ಎರಡನೆಯ ಆಕ್ಷೇಪ. ಗೋದಲಿಯ ಕುರಿಗಾಹಿಯ ಕೈಯಲ್ಲಿ ಕುರಿಮರಿ ಇದೆ; ಇವನ ಕೈಯಲ್ಲಿರುವುದು ಖಡ್ಗ.

ಬಣ್ಣ ಮತ್ತು ಲಾಂಛನ

ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಬೊಂಬೆ ಸೈನಿಕರ ಯುದ್ಧದಾಟದ ಬಗ್ಗೆ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನೇ ಪ್ರಕಟಿಸಿದರು. ನಿಜವಾದ ಯುದ್ಧಕ್ಕಿಂತ ಈ ಆಟದ ಯುದ್ಧವೇ ಎಷ್ಟೋ ಮೇಲು, ಇದನ್ನು ಆಡಿದವನಿಗೆ ಮಹಾಯುದ್ಧವೆಂಬುದು ಎಂಥ ಮೂರ್ಖತನವೆಂದು ತಿಳಿಯುತ್ತದೆ ಎಂಬುದು ಅವರ ವಾದವಾಗಿತ್ತು. ಮರುವರ್ಷವೇ, 1914ರಲ್ಲಿ, ಅದೇ ಮಹಾಯುದ್ಧ ಆರಂಭವಾಯಿತು. ಬೊಂಬೆಗಳು ಯುದ್ಧವನ್ನು ತರಲಿಲ್ಲ, ನಿಜ. ಆದರೆ ಅವು ಅದನ್ನು ತಡೆಯಲೂ ಇಲ್ಲ.

ನೈಟ್ ಬೊಂಬೆಗಳ ಸೊಗಸೆಲ್ಲ ಇರುವುದು ಅವುಗಳ ಲಾಂಛನಗಳಲ್ಲಿ. ಗುರಾಣಿ, ಮೇಲಂಗಿ, ಕುದುರೆಯ ಹೊದಿಕೆ, ಇವೆಲ್ಲದರ ಮೇಲೂ ಆಯಾ ಯೋಧನ ಮನೆತನದ ಗುರುತು. ಹೆಜ್ಜೆಯೂರಿದ ಸಿಂಹ, ಹದ್ದು, ಪಟ್ಟೆ, ಶಿಲುಬೆ. ಇವುಗಳಿಗೆ ಕಟ್ಟುನಿಟ್ಟಾದ ನಿಯಮವೂ ಉಂಟು. ಚಿನ್ನ ಮತ್ತು ಬೆಳ್ಳಿ, ಎಂದರೆ ಹಳದಿ ಮತ್ತು ಬಿಳಿ, ‘ಲೋಹ’ಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ‘ಬಣ್ಣ’ಗಳು. ಲೋಹದ ಮೇಲೆ ಲೋಹ ಬರಬಾರದು, ಬಣ್ಣದ ಮೇಲೆ ಬಣ್ಣ ಬರಬಾರದು. ದೂರದಿಂದಲೂ ಗುರುತು ಸ್ಪಷ್ಟವಾಗಿ ಕಾಣಬೇಕಲ್ಲವೇ? ಈ ನಿಯಮವನ್ನು ಮೀರಿದ ಅತ್ಯಂತ ಪ್ರಸಿದ್ಧ ಲಾಂಛನ ಜೆರುಸಲೇಮಿನ ಶಿಲುಬೆ ಯೋಧರ ರಾಜ್ಯದ್ದು: ಬೆಳ್ಳಿಯ ಮೇಲೆ ಚಿನ್ನದ ಶಿಲುಬೆಗಳು.

ಈ ಗುರುತುಗಳ ಅಗತ್ಯವೇಕೆ ಬಂತು? 1066ರ ಹೇಸ್ಟಿಂಗ್ಸ್ ಕದನವನ್ನು ಚಿತ್ರಿಸುವ ಪ್ರಸಿದ್ಧ ಬಾಯೋ ಕಸೂತಿ ಪಟದಲ್ಲಿ ಒಂದು ದೃಶ್ಯವಿದೆ. ನಾರ್ಮಂಡಿಯ ವಿಲಿಯಂ ಸತ್ತನೆಂಬ ಸುದ್ದಿ ಹಬ್ಬಿ ಸೈನಿಕರು ಎದೆಗುಂದಿದಾಗ, ಅವನು ತನ್ನ ಶಿರಸ್ತ್ರಾಣವನ್ನು ಹಿಂದಕ್ಕೆತ್ತಿ ಮುಖವನ್ನು ತೋರಿಸುತ್ತಾನೆ. ಆ ಕಾಲಕ್ಕೆ ಮೂಗನ್ನಷ್ಟೇ ಕಾಯುವ ಪಟ್ಟಿಯಿದ್ದ ಶಿರಸ್ತ್ರಾಣವೇ ಗುರುತನ್ನು ಇಷ್ಟು ಮರೆಮಾಡುತ್ತಿತ್ತು. 12ನೆಯ ಶತಮಾನದಲ್ಲಿ ಮನೆತನದ ಲಾಂಛನಗಳು ಬಳಕೆಗೆ ಬಂದವು. 13ನೆಯ ಶತಮಾನದ ಹೊತ್ತಿಗೆ ಶಿರಸ್ತ್ರಾಣವು ತಲೆಯನ್ನೆಲ್ಲ ಮುಚ್ಚುವ ಉಕ್ಕಿನ ಡಬ್ಬಿಯಾಯಿತು. ಹೊರಗಿನ ಲೋಕಕ್ಕೆ ಉಳಿದದ್ದು ಕಣ್ಣಿನ ಮುಂದಿನ ಸೀಳು ಮತ್ತು ಉಸಿರಾಟದ ರಂಧ್ರಗಳು. ಲಾಂಛನಗಳು ಬೆಳೆದುದಕ್ಕೆ ಮನೆತನದ ಹೆಮ್ಮೆ, ಕಾಳಗದ ಕ್ರೀಡೆಗಳು ಮುಂತಾಗಿ ಬೇರೆ ಕಾರಣಗಳೂ ಉಂಟು. ಆದರೂ ಒಂದು ಸಂಗತಿ ಸ್ಪಷ್ಟ: ಮುಖ ಮರೆಯಾದಂತೆ ಲಾಂಛನವೇ ಮನುಷ್ಯನ ಗುರುತಾಯಿತು.

ನಾವು ಚಿಂತಿಸಬೇಕಾದದ್ದು ಇಲ್ಲಿಯೇ. ಮುಖವನ್ನು ನೋಡಿದವನಿಗೆ ಎದುರಿಗಿರುವವನು ಒಬ್ಬ ವ್ಯಕ್ತಿ. ಬಣ್ಣವನ್ನಷ್ಟೇ ನೋಡಿದವನಿಗೆ ಅವನು ‘ನಮ್ಮವನು’ ಅಥವಾ ‘ಅವರವನು’, ಅಷ್ಟೇ. ಮೂರನೆಯದಕ್ಕೆ ಅವಕಾಶವಿಲ್ಲ. ಖಡ್ಗ ಬೀಸಲು ಅಷ್ಟೇ ಸಾಕು.

ಬಟ್ಟೆಯ ಮೇಲಿನ ಶಿಲುಬೆ

ಹಿರಿಯರ ಕಪಾಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಣ್ಸೆಳೆಯುತ್ತಿದ್ದವು ಮೂರು ಬೊಂಬೆಗಳು. ಬಿಳಿಯ ನಿಲುವಂಗಿಯ ಮೇಲೆ ಕೆಂಪು ಶಿಲುಬೆಯ ಟೆಂಪ್ಲರ್, ಕಪ್ಪು ನಿಲುವಂಗಿಯ ಮೇಲೆ ಬಿಳಿ ಶಿಲುಬೆಯ ಹಾಸ್ಪಿಟಲರ್, ಬಿಳಿಯ ಮೇಲೆ ಕಪ್ಪು ಶಿಲುಬೆಯ ಟ್ಯೂಟಾನಿಕ್ ವೀರ. ಮೂವರೂ ವ್ರತಧಾರಿಗಳು, ಮೂವರೂ ಯೋಧರು. ಇವುಗಳ ಮುಂದೆ ನಿಂತಾಗ ಒಬ್ಬ ಗುರುವಾಗಿ ನನಗೆ ಸಂಕೋಚವಾಯಿತು. ಆ ಬಣ್ಣವನ್ನು ಬಳಿದವರು ಬೇರೆ ಯಾರೋ ಅಲ್ಲ, ನಾವೇ.

ಧರ್ಮಸಭೆ ಆರಂಭದಲ್ಲಿ ಈ ಅಶ್ವಯೋಧರನ್ನು ಪಳಗಿಸಲು ಯತ್ನಿಸಿತು ಎಂಬುದನ್ನು ಮರೆಯಬಾರದು. 989ರಲ್ಲಿ ಫ್ರಾನ್ಸಿನ ಶಾರೂದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ದೇವಾಲಯಗಳನ್ನೂ ಬಡ ರೈತರನ್ನೂ ನಿರಾಯುಧ ಗುರುಗಳನ್ನೂ ದೋಚುವವರಿಗೆ ಬಹಿಷ್ಕಾರ ಸಾರಿತು. 1027ರಲ್ಲಿ ತುಲೂಜ್ ಎಂಬ ಹಳ್ಳಿಯ ಬಯಲಿನಲ್ಲಿ ಸೇರಿದ ಸಭೆ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಯಾರೂ ಶತ್ರುವಿನ ಮೇಲೆ ಕೈಮಾಡಬಾರದೆಂದು ವಿಧಿಸಿತು. ವಾರಕ್ಕೆ ಒಂದು ದಿನವಾದರೂ ಖಡ್ಗ ಒರೆಯಲ್ಲಿರಲಿ ಎಂಬುದು ಅವರ ಬಯಕೆ.

ಆದರೆ 1095ರ ನವೆಂಬರಿನಲ್ಲಿ ಕ್ಲೆರ್ಮಾಂಟಿನಲ್ಲಿ ಪೋಪ್ ಎರಡನೆಯ ಅರ್ಬನ್ ಅದೇ ಯೋಧರನ್ನು ಪೂರ್ವ ದಿಕ್ಕಿನ ಯುದ್ಧಕ್ಕೆ ಕರೆದರು. ಹೊರಡಲು ವ್ರತ ತೊಟ್ಟವರು ಬಟ್ಟೆಯ ಶಿಲುಬೆಯನ್ನು ಉಡುಪಿಗೆ ಹೊಲಿದುಕೊಂಡರು. ಮರುವರ್ಷ, 1096ರಲ್ಲಿ, ಜೆರುಸಲೇಮಿನ ದಾರಿಯನ್ನೂ ಹಿಡಿಯುವ ಮುನ್ನ ಕೆಲವು ಗುಂಪುಗಳು ರೈನ್ ನದಿಯ ದಡದ ವರ್ಮ್ಸ್ ಮತ್ತು ಮೈನ್ಜ್ ನಗರಗಳಲ್ಲಿ ಯೆಹೂದ್ಯರ ಕಗ್ಗೊಲೆ ನಡೆಸಿದವು. 1099ರ ಜುಲೈ 15ರಂದು ಜೆರುಸಲೇಮ್ ವಶವಾದಾಗ ನಗರವಾಸಿಗಳ ನೆತ್ತರು ಹರಿಯಿತು. 1204ರ ಏಪ್ರಿಲಿನಲ್ಲಿ ಶಿಲುಬೆ ತೊಟ್ಟವರೇ ಕ್ರೈಸ್ತರ ಮಹಾನಗರ ಕಾನ್‌ಸ್ಟಾಂಟಿನೋಪಲನ್ನು ಸೂರೆಗೈದರು. ಟೆಂಪ್ಲರ್ ವೀರರನ್ನು ಹೊಗಳಿ ಗ್ರಂಥ ಬರೆದ ಸಂತ ಬರ್ನಾರ್ಡರು, ದುಷ್ಟನನ್ನು ಕೊಲ್ಲುವ ಕ್ರಿಸ್ತನ ಯೋಧ ಕೊಲ್ಲುವುದು ಮನುಷ್ಯನನ್ನಲ್ಲ, ಕೆಡುಕನ್ನು ಎಂಬರ್ಥದ ವಾದವನ್ನು ಮುಂದಿಟ್ಟರು. ಅದೇ ಬರ್ನಾರ್ಡರು 1146ರಲ್ಲಿ ಯೆಹೂದ್ಯರ ಮೇಲೆ ಕೈಮಾಡುತ್ತಿದ್ದವರನ್ನು ತಡೆಯಲು ರೈನ್ ಪ್ರಾಂತ್ಯಕ್ಕೆ ಧಾವಿಸಿದರು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ದೂರದವನು ಅವರಿಗೆ ‘ಕೆಡುಕು’ ಎಂದು ಕಂಡ. ಹತ್ತಿರದವನು ಮನುಷ್ಯನೆಂದು ಕಂಡ. ಸಂತರ ದೃಷ್ಟಿಗೂ ಹೀಗೆ ಮುಸುಕು ಕವಿಯಬಹುದಾದರೆ ನಮ್ಮ ದೃಷ್ಟಿಯ ಪಾಡೇನು?

2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪಾಲರು ಸಂತ ಪೇತ್ರರ ಮಹಾದೇವಾಲಯದಲ್ಲಿ, ಸತ್ಯದ ಸೇವೆಯ ಹೆಸರಿನಲ್ಲಿ ಕ್ರೈಸ್ತರು ಬಳಸಿದ ಹಿಂಸೆಗಾಗಿ ದೇವರ ಕ್ಷಮೆ ಬೇಡಿದರು. 2001ರ ಮೇ 4ರಂದು ಅಥೆನ್ಸಿನಲ್ಲಿ, ಕಾನ್‌ಸ್ಟಾಂಟಿನೋಪಲಿನ ಲೂಟಿಯನ್ನು ಹೆಸರಿಸಿಯೇ ತಮ್ಮ ವ್ಯಥೆಯನ್ನು ತೋಡಿಕೊಂಡರು. ಬಟ್ಟೆಯ ಮೇಲಿನ ಶಿಲುಬೆ ಬಟ್ಟೆಯೊಳಗಿನವನನ್ನು ತಾನಾಗಿ ಪವಿತ್ರನನ್ನಾಗಿ ಮಾಡಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನಮಗೆ ಇಷ್ಟು ಶತಮಾನಗಳು ಬೇಕಾದವು.

ಮಣ್ಣಿನಡಿಯ ಮುಖಗಳು

ಬೊಂಬೆಗಳಲ್ಲಿ ಯುದ್ಧ ಎಷ್ಟು ಶುಚಿ! ಕವಚ ಹೊಳೆಯುತ್ತದೆ, ಮೇಲಂಗಿಯ ಮಡಿಕೆ ಚೆದರಿಲ್ಲ. ನಿಜವಾದ ಯುದ್ಧ ಹೇಗಿತ್ತೆಂಬುದಕ್ಕೆ ಮಣ್ಣೇ ಸಾಕ್ಷಿ ನುಡಿದಿದೆ. 1461ರ ಮಾರ್ಚ್ 29ರಂದು ಇಂಗ್ಲೆಂಡಿನ ಟೌಟನ್ ಎಂಬಲ್ಲಿ ಎರಡು ರಾಜವಂಶಗಳ ನಡುವೆ ಭೀಕರ ಕದನ ನಡೆಯಿತು. ಎರಡೂ ಕಡೆಯವರು ಕ್ರೈಸ್ತರು, ಒಂದೇ ನಾಡಿನವರು. 1996ರಲ್ಲಿ ಅಲ್ಲಿ ಕಟ್ಟಡದ ಕೆಲಸ ನಡೆಯುವಾಗ ಒಂದು ಸಾಮೂಹಿಕ ಗುಂಡಿ ತೆರೆದುಕೊಂಡಿತು. ಒತ್ತೊತ್ತಾಗಿ ತುಂಬಿದ್ದ 35ಕ್ಕೂ ಹೆಚ್ಚು ಅಸ್ಥಿಪಂಜರಗಳು ಸಿಕ್ಕವು. ಬಹುಪಾಲು ಗಾಯಗಳಿದ್ದುದು ತಲೆಗೆ, ಮುಖಕ್ಕೆ. ಒಂದೇ ತಲೆಬುರುಡೆಯ ಮೇಲೆ ಹಲವು ಪೆಟ್ಟುಗಳು. ಸಾಯಿಸಲು ಒಂದೇ ಸಾಕಾಗಿದ್ದರೂ ಮತ್ತೆ ಮತ್ತೆ ಹೊಡೆದಂತೆ. ಒಬ್ಬನ ದವಡೆಯಲ್ಲಿ ಅದಕ್ಕೂ ಹಿಂದಿನ ಯಾವುದೋ ಯುದ್ಧದ ಗಾಯ ಮಾಗಿದ ಗುರುತಿತ್ತು. ಯಾರೋ ಅವನನ್ನು ಆರೈಕೆ ಮಾಡಿ ಬದುಕಿಸಿದ್ದರು. ಅವನು ಮತ್ತೆ ಯುದ್ಧಕ್ಕೆ ಬಂದಿದ್ದ.

ಆ ಕದನ ನಡೆದ ದಿನ ಯಾವುದು ಬಲ್ಲಿರಾ? ಗರಿಗಳ ಭಾನುವಾರ. ಯುದ್ಧದ ಕುದುರೆಯನ್ನೇರದೆ ಕತ್ತೆಮರಿಯ ಮೇಲೆ ಕುಳಿತು ನಗರವನ್ನು ಪ್ರವೇಶಿಸಿದ ಅರಸನನ್ನು ಧರ್ಮಸಭೆ ಸ್ಮರಿಸುವ ದಿನ.

ಈ ಸಂಗತಿಯನ್ನು ನಾನು ಹಿರಿಯರಿಗೆ ಹೇಳಿದಾಗ ಅವರು ಸುಮ್ಮನೆ ತಲೆಯಾಡಿಸಿದರು. ಬಳಿಕ ತಮ್ಮ ಮೊಮ್ಮಗನ ಬಗ್ಗೆ ಒಂದು ಮಾತು ಹೇಳಿದರು. ಹತ್ತು ವರ್ಷದ ಆ ಹುಡುಗ ಒಮ್ಮೆ ಒಂದು ಬೊಂಬೆಯ ಖಡ್ಗಕ್ಕೆ ಕೆಂಪು ಬಣ್ಣ ಹಚ್ಚಿ, ‘ತಾತಾ, ನೋಡು, ರಕ್ತ!’ ಎಂದು ಕುಣಿದನಂತೆ. ಇವರು ಗದರಲಿಲ್ಲ, ಬಣ್ಣವನ್ನು ಅಳಿಸಲೂ ಇಲ್ಲ. ‘ಈ ರಕ್ತ ಯಾರದು? ಅವನೆಲ್ಲಿ? ಅವನನ್ನೂ ಮಾಡು’ ಎಂದರಂತೆ. ಹುಡುಗ ಮೂರು ದಿನ ಕುಳಿತು ಇನ್ನೊಬ್ಬನಿಗೆ ಬಣ್ಣ ಬಳಿದ. ಅವನಿಗೂ ಕಣ್ಣು ಬರೆದ, ಹುಬ್ಬು ಬರೆದ, ಕೆನ್ನೆಗೆ ಬಣ್ಣ ಕೊಟ್ಟ. ಎಲ್ಲ ಮುಗಿದ ಮೇಲೆ ತಾನೇ ಮೊದಲನೆಯವನ ಖಡ್ಗವನ್ನು ಒರೆಸಿ ಬೆಳ್ಳಿಯ ಬಣ್ಣ ಹಚ್ಚಿದನಂತೆ. ‘ಯಾಕೋ ಎಂದು ನಾನು ಕೇಳಲಿಲ್ಲ’ ಎಂದರು ಹಿರಿಯರು.

ಒಂದು ಛಾಯಾಚಿತ್ರ

ನಾನು ಆಗ ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದೆ. ‘ತಾವು ಇಷ್ಟು ಹಿಂದಿನ ಯೋಧರನ್ನೇ ಮಾಡುತ್ತೀರಿ. ತಮ್ಮ ದೇಶದ ಈಚಿನ ಯುದ್ಧದ ಸೈನಿಕರನ್ನು ಯಾಕೆ ಮಾಡುವುದಿಲ್ಲ?’

ಅವರು ಕುಂಚವನ್ನು ನೀರಿನ ಲೋಟದಲ್ಲಿ ತೊಳೆದು, ತುದಿಯನ್ನು ಸರಿಪಡಿಸಿ, ಬದಿಗಿಟ್ಟರು. ಒಳಕೋಣೆಯಿಂದ ಒಂದು ಛಾಯಾಚಿತ್ರವನ್ನು ತಂದರು. ಅದರಲ್ಲಿ ಸೈನಿಕನ ಉಡುಪಿನ ಒಬ್ಬ ತರುಣ. ಉಕ್ಕಿನ ಟೋಪಿಯ ಅಂಚಿನ ನೆರಳು ಬಿದ್ದು ಕಣ್ಣುಗಳು ಕಾಣಿಸುತ್ತಿರಲಿಲ್ಲ. 1944ರಲ್ಲಿ ಪೂರ್ವ ರಣರಂಗದಲ್ಲಿ ಕಾಣೆಯಾದ ಅವರ ತಂದೆ. ಆಗ ಇವರಿಗೆ ಆರು ವರ್ಷ. ಸಮಾಧಿಯಿಲ್ಲ, ಪತ್ರವಿಲ್ಲ, ಮನೆಯಲ್ಲಿ ಉಳಿದದ್ದು ಈ ಚಿತ್ರವೊಂದೇ.

‘ನನ್ನ ತಂದೆ ಯಾವ ಲಾಂಛನದ ಕೆಳಗೆ ಹೋರಾಡಿದರೆಂದು ನನಗೆ ಗೊತ್ತು, ಫಾದರ್. ಅದನ್ನು ನಾನು ಎಂದೂ ಸಮರ್ಥಿಸಿಲ್ಲ. ಅಲ್ಲಿ ಅವರ ಕೈಯಿಂದ ಏನೇನು ನಡೆಯಿತೋ ಗೊತ್ತಿಲ್ಲ. ಕೇಳೋಣವೆಂದರೆ ಅವರು ಬರಲಿಲ್ಲ. ಅವರ ಕಣ್ಣು ಹೇಗಿತ್ತೆಂಬುದೂ ನನಗೆ ನೆನಪಿಲ್ಲ’ ಎಂದರು.

ನಾನು ಏನೂ ಹೇಳಲಿಲ್ಲ. ಮೇಜಿನ ಮೇಲೆ ಆ ದಿನದ ಬೊಂಬೆ ಕಣ್ಣು ತೆರೆದು ನಿಂತಿತ್ತು. ಪಕ್ಕದಲ್ಲಿ ಶಿರಸ್ತ್ರಾಣ ಒಣಗುತ್ತಿತ್ತು.

ಮುಖವನ್ನು ನೆನೆಯುವುದೆಂದರೆ ತಪ್ಪನ್ನು ಮನ್ನಿಸಿಬಿಡುವುದು ಎಂದು ಕೆಲವರು ಭಾವಿಸಬಹುದು. ಹಾಗಲ್ಲ. ಲಾಂಛನ ಪಾಪ ಮಾಡಲಾರದು, ಧ್ವಜ ಪಶ್ಚಾತ್ತಾಪ ಪಡಲಾರದು. ಇವೆರಡೂ ಸಾಧ್ಯವಾಗುವುದು ಮುಖವುಳ್ಳ ಮನುಷ್ಯನಿಗೆ ಮಾತ್ರ. ‘ಯುದ್ಧದಲ್ಲಿ ಹಾಗಾಯಿತು’, ‘ಅವರೇ ಹಾಗೆ’, ‘ನಮ್ಮವರಾಗಿದ್ದಕ್ಕೆ ಮಾಡಬೇಕಾಯಿತು’ ಎಂದು ಹೇಳುವಾಗ ನಾವು ಶಿರಸ್ತ್ರಾಣದ ಹಿಂದೆ ಅಡಗುತ್ತೇವೆ. ಅದನ್ನು ತೆಗೆದಾಗ ಮಾತ್ರ ನ್ಯಾಯವೂ ಕರುಣೆಯೂ ನಮ್ಮನ್ನು ತಲುಪಬಲ್ಲವು. ಪಾಪನಿವೇದನೆಯ ಸಂಸ್ಕಾರದಲ್ಲಿ ನಾವು ‘ನಾವು’ ಎಂದಲ್ಲ, ‘ನಾನು’ ಎಂದು ಆರಂಭಿಸುವುದು ಈ ಕಾರಣಕ್ಕಾಗಿಯೇ.

ಖಡ್ಗವನ್ನಿಳಿಸಿದವರು

ನಮ್ಮ ಸಂತರಲ್ಲಿ ಇಬ್ಬರು ಹದಿಹರೆಯದಲ್ಲಿ ನೈಟ್ ಆಗಬೇಕೆಂದೇ ಕನಸು ಕಂಡವರು. ಅಸ್ಸಿಸಿಯ ಫ್ರಾನ್ಸಿಸ್ 1202ರಲ್ಲಿ ನೆರೆಯ ಪೆರುಜಿಯಾ ನಗರದ ವಿರುದ್ಧ ಹೋರಾಡಿ, ಕೊಲ್ಲೆಸ್ಟ್ರಾಡದಲ್ಲಿ ಸೆರೆಸಿಕ್ಕು, ಸುಮಾರು ಒಂದು ವರ್ಷ ಬಂದಿಯಾಗಿದ್ದರು. 1205ರ ಸುಮಾರಿಗೆ ಮತ್ತೆ ಆಯುಧ ತೊಟ್ಟು ಹೊರಟವರು ಸ್ಪೊಲೆಟೊದಿಂದ ಹಿಂದಿರುಗಿದರು. ಐದನೆಯ ಶಿಲುಬೆ ಯುದ್ಧ ನಡೆಯುತ್ತಿದ್ದ 1219ರಲ್ಲಿ ಈಜಿಪ್ಟಿನ ದಮಿಯೆಟ್ಟಾದಲ್ಲಿ ಎರಡು ಸೈನ್ಯಗಳ ನಡುವಿನ ನೆಲವನ್ನು ನಿರಾಯುಧರಾಗಿ ದಾಟಿ ಸುಲ್ತಾನ ಅಲ್-ಕಾಮಿಲನನ್ನು ಕಂಡರು. ಯುದ್ಧ ನಿಲ್ಲಲಿಲ್ಲ, ಸುಲ್ತಾನ ಕ್ರೈಸ್ತನಾಗಲೂ ಇಲ್ಲ. ಆದರೆ ಎಷ್ಟೋ ಸಾವಿರ ಜನ ಧ್ವಜವನ್ನಷ್ಟೇ ನೋಡಿದ್ದ ಕಡೆ ಫ್ರಾನ್ಸಿಸರು ಒಬ್ಬ ಮನುಷ್ಯನ ಮುಖವನ್ನು ನೋಡಿ, ತಮ್ಮ ಮುಖವನ್ನೂ ತೋರಿಸಿ, ಸುರಕ್ಷಿತವಾಗಿ ಹಿಂದಿರುಗಿದರು.

ಇನ್ನೊಬ್ಬರು ಲೊಯೊಲಾದ ಇಗ್ನೇಷಿಯಸ್. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿಯ ಗುಂಡು ಅವರ ಕಾಲನ್ನು ಮುರಿಯಿತು. ಹಾಸಿಗೆ ಹಿಡಿದವರು ಓದಲು ಕೇಳಿದ್ದು ನೈಟ್ ವೀರರ ಸಾಹಸದ ಕಥೆಗಳನ್ನು. ಮನೆಯಲ್ಲಿ ಅವು ಇರಲಿಲ್ಲ. ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆಗಳಿದ್ದವು. 1522ರ ಮಾರ್ಚಿನಲ್ಲಿ ಅವರು ಮೊನ್ಸೆರಾತಿನ ಮಾತೆಯ ಪೀಠದ ಮುಂದೆ, ದೀಕ್ಷೆ ಪಡೆಯುವ ನೈಟ್ ಮಾಡುವಂತೆಯೇ, ರಾತ್ರಿಯೆಲ್ಲ ಜಾಗರಣೆ ಮಾಡಿದರು. ಆದರೆ ಖಡ್ಗವನ್ನು ಕಟ್ಟಿಕೊಳ್ಳಲಿಲ್ಲ, ಅಲ್ಲಿಯೇ ಬಿಟ್ಟು ನಡೆದರು. ನೈಟ್ ಆದರ್ಶದಲ್ಲಿದ್ದ ಧೈರ್ಯ, ನಿಷ್ಠೆ, ವಚನಪಾಲನೆ, ದುರ್ಬಲರ ರಕ್ಷಣೆ ಇವಾವುದನ್ನೂ ಈ ಇಬ್ಬರು ತೊರೆಯಲಿಲ್ಲ ಎಂಬುದನ್ನು ಗಮನಿಸಬೇಕು. ಬಾಲಕರು ಈ ಬೊಂಬೆಗಳಿಗೆ ಮಾರುಹೋಗುವುದು ಈ ಗುಣಗಳಿಗಾಗಿಯೇ. ಆ ಆಕರ್ಷಣೆಯನ್ನು ಜರೆಯಬೇಕಾಗಿಲ್ಲ. ಅದಕ್ಕೆ ದಾರಿ ತೋರಬೇಕು.

ಗೆತ್ಸೆಮನೆ ತೋಟದಲ್ಲಿ ಪೇತ್ರ ಖಡ್ಗ ಹಿರಿದು ಪ್ರಧಾನಯಾಜಕನ ಆಳಿನ ಕಿವಿ ಕತ್ತರಿಸಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಪ್ರಭು ಖಡ್ಗವನ್ನು ಒರೆಗೆ ಸೇರಿಸುವಂತೆ ಪೇತ್ರನಿಗೆ ಹೇಳಿದರು. ಗಾಯಗೊಂಡವನ ಕಿವಿಯನ್ನು ಮುಟ್ಟಿ ಗುಣಪಡಿಸಿದರೆಂದು ಸಂತ ಲೂಕರು ಬರೆಯುತ್ತಾರೆ. ಸಂತ ಯೊವಾನ್ನರ ಶುಭಸಂದೇಶದಲ್ಲಿ ಇನ್ನೊಂದು ವಿವರವಿದೆ, ನಾವು ಬಹಳ ಸಲ ಗಮನಿಸದೆ ದಾಟಿಹೋಗುವಂಥದ್ದು. ಆ ಆಳಿನ ಹೆಸರು ಮಲ್ಕ. ಬಂಧಿಸಲು ಬಂದ ಗುಂಪಿನಲ್ಲಿ ಒಬ್ಬ, ಶತ್ರುಪಕ್ಷದ ಒಬ್ಬ ಸೇವಕ. ಆದರೂ ಶುಭಸಂದೇಶ ಅವನ ಹೆಸರನ್ನು ಉಳಿಸಿಕೊಂಡಿದೆ.

ನಮ್ಮ ಮನೆಗಳಲ್ಲಿ ಉಕ್ಕಿನ ಶಿರಸ್ತ್ರಾಣಗಳಿಲ್ಲ. ಆದರೆ ಮನುಷ್ಯರನ್ನು ಗುರುತಿಸಲು ನಾವು ಬಳಸುವ ಲಾಂಛನಗಳಿಗೆ ಕೊರತೆಯೇನಿಲ್ಲ. ಜಾತಿ, ಭಾಷೆ, ಪಕ್ಷದ ಬಾವುಟ, ಊರಿನ ಹೆಸರು, ಧರ್ಮಕೇಂದ್ರದೊಳಗಿನ ಗುಂಪು, ಆಸ್ತಿಯ ಜಗಳದಲ್ಲಿ ‘ಅವರ ಕಡೆಯವರು’. ಹತ್ತು ವರ್ಷಗಳಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ದೇವಾಲಯದ ಎರಡು ಬದಿಯಲ್ಲಿ ಕುಳಿತು ಪರಮಪ್ರಸಾದ ಸ್ವೀಕರಿಸುವುದನ್ನು ಗುರುವಾಗಿ ನಾನು ಕಂಡಿದ್ದೇನೆ. ಒಬ್ಬರ ಮುಖ ಹೇಗಾಗಿದೆ, ಎಷ್ಟು ಬಾಡಿದೆ ಎಂಬುದು ಇನ್ನೊಬ್ಬರಿಗೆ ತಿಳಿಯದು. ನೋಡಿ ಅಷ್ಟು ಕಾಲವಾಗಿದೆ.

‘ಫಾದರ್, ಮಕ್ಕಳಿಗೆ ಯುದ್ಧದ ಬೊಂಬೆ ಕೊಡಿಸಬಹುದೇ?’ ಎಂದು ತಂದೆತಾಯಿಯರು ಕೆಲವೊಮ್ಮೆ ಕೇಳುತ್ತಾರೆ. ಕೊಡಬೇಡಿ ಎಂದು ಹೇಳಿಬಿಡುವುದು ಸುಲಭ. ನಾನೀಗ ಹಾಗೆ ಹೇಳುವುದಿಲ್ಲ. ಕೊಟ್ಟರೆ ಜೊತೆಯಲ್ಲಿ ಕುಳಿತುಕೊಳ್ಳಿ, ಎನ್ನುತ್ತೇನೆ. ಯಾರ ಮೇಲೆ ಗೆದ್ದೆ ಎಂದು ಮಗುವನ್ನು ಕೇಳಿ. ಅವನಿಗೆ ಹೆಸರಿತ್ತೇ, ಮನೆಯಲ್ಲಿ ಅವನಿಗಾಗಿ ಯಾರಾದರೂ ಕಾಯುತ್ತಿದ್ದರೇ ಎಂದು ಕೇಳಿ. ಆ ಪ್ರಶ್ನೆ ಕೇಳಿಸಿಕೊಂಡ ಮಗು ಬೆಳೆದ ಮೇಲೆಯೂ ಅದನ್ನು ಪೂರ್ತಿಯಾಗಿ ಮರೆಯಲಾರದು.

ಜರ್ಮನಿಯಿಂದ ಹೊರಡುವ ಮುನ್ನಾದಿನ ಆ ಹಿರಿಯರು ನನ್ನನ್ನು ಬಾಂಬರ್ಗಿನ ಪ್ರಧಾನಾಲಯಕ್ಕೆ ಕರೆದೊಯ್ದರು. ಅಲ್ಲಿನ ಕಂಬವೊಂದಕ್ಕೆ ತಗುಲಿದಂತೆ 13ನೆಯ ಶತಮಾನದ ಒಂದು ಕಲ್ಲಿನ ಅಶ್ವಾರೋಹಿಯಿದ್ದಾನೆ. ತಲೆಯ ಮೇಲೆ ಕಿರೀಟವಿದೆ, ಆದರೆ ಕವಚವಿಲ್ಲ, ಖಡ್ಗವಿಲ್ಲ, ಗುರಾಣಿಯೂ ಇಲ್ಲ. ಹಿಂದೆ ಅವನಿಗೂ ಬಣ್ಣ ಬಳಿದಿದ್ದರು. ಅದರ ಕುರುಹುಗಳು ಮಾತ್ರ ಉಳಿದಿವೆ. ಅವನು ಹಂಗೆರಿಯ ಅರಸ ಸಂತ ಸ್ಟೀಫನ್ ಎನ್ನುವವರುಂಟು, ಅಲ್ಲವೆನ್ನುವವರೂ ಉಂಟು, ಅವನಾರೆಂಬುದು ಇತ್ಯರ್ಥವಾಗಿಲ್ಲ. ಲಾಂಛನವಿಲ್ಲದ ಕಾರಣ ಹೆಸರು ತಿಳಿಯದು. ಆದರೆ ಮುಖ ಪೂರ್ತಿಯಾಗಿ ತೆರೆದಿದೆ, ಮತ್ತು ಅವನು ದೂರಕ್ಕೆ ದೃಷ್ಟಿ ನೆಟ್ಟು ಕುಳಿತಿದ್ದಾನೆ.

ಹಿರಿಯರು ಟೋಪಿ ತೆಗೆದು ಬಹಳ ಹೊತ್ತು ಆ ಮುಖವನ್ನೇ ನೋಡುತ್ತ ನಿಂತರು. ನಾನೂ ಅವರ ಪಕ್ಕದಲ್ಲಿ ನಿಂತೆ. ಸಂಜೆಯ ಪ್ರಾರ್ಥನೆಯ ಗಂಟೆ ಬಾರಿಸಿದಾಗ ಇಬ್ಬರೂ ಒಳಪೀಠದ ಕಡೆಗೆ ನಡೆದೆವು.